ಆರು ಡ್ರಿಪ್ಪು, ಮೂರು ಟೆಸ್ಟು

ನಮ್ಮೂರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧ ಜನಕ್ಕೆ ಓಡಿಸುವುದನ್ನು ಕಲಿಸಿದವಳು ನನ್ನ ಹೆಂಡತಿ. ಅವರಿಗೆ ಎದುರಿನ ಬೋರ್ಡು ಕಾಣುವ ಹಾಗೆ ಮಾಡಿದವನು ನಾನು. ಅವಳದು ಡ್ರೈವಿಂಗ್ ಸ್ಕೂಲು, ನನ್ನದು ಕನ್ನಡಕದ ಅಂಗಡಿ. ಆದರೆ ನನಗೆ ಕಾರು ಬರುತ್ತಿರಲಿಲ್ಲ, ಅವಳು ಕನ್ನಡಕ ಹಾಕುತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡು ದೀಪ, ಎರಡು ಕತ್ತಲು.

ಅವಳು ಕಲಿಸಲಿಲ್ಲ ಅಂತಲ್ಲ. ಮದುವೆಯಾದ ಹೊಸದರಲ್ಲಿ ಒಂದು ಭಾನುವಾರ ಗೋದಾಮಿನ ಹಿಂದಿನ ಖಾಲಿ ಜಾಗಕ್ಕೆ ಕರೆದುಕೊಂಡು ಹೋಗಿದ್ದಳು. ನಾನು ಕ್ಲಚ್ಚು ಬಿಟ್ಟೆ, ಕಾರು ಕಪ್ಪೆಯ ಹಾಗೆ ನೆಗೆಯಿತು. "ಕ್ಲಚ್ಚು ಮೆಲ್ಲಗೆ" ಅಂದಳು. ಮತ್ತೆ ನೆಗೆಯಿತು. ಹದಿಮೂರನೇ ಸಲ "ಕ್ಲಚ್ಚು ಮೆಲ್ಲಗೆ" ಅಂದಾಗ ಆ ಮೆಲ್ಲಗೆಯಲ್ಲಿ ಮೆಲ್ಲಗೆ ಏನೂ ಉಳಿದಿರಲಿಲ್ಲ. ನಾನೇನೋ ಅಂದೆ, ಅವಳೇನೋ ಅಂದಳು. ವಾಪಸ್ಸು ಬರುವಾಗ ಅವಳು ಕಾರಿನಲ್ಲಿ ಬಂದಳು, ನಾನು ನಡೆದುಕೊಂಡು ಬಂದೆ. ಆವತ್ತು ಸಂಜೆಯೇ ಇಬ್ಬರೂ ಒಂದು ಒಪ್ಪಂದಕ್ಕೆ ಬಂದೆವು: ಇರುವುದು ಒಂದು ಸಂಸಾರ, ಅದರ ಮೇಲೆ ಪ್ರಯೋಗ ಬೇಡ.

ಒಪ್ಪಂದ ಇಪ್ಪತ್ತು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ಸೀಟಿನಲ್ಲಿ ಕೂತೂ ಕೂತೂ ಬಂದದ್ದು ಅಂತ ತಾನೇ ತೀರ್ಪು ಕೊಟ್ಟುಕೊಂಡು ಎರಡು ತಿಂಗಳು ತಳ್ಳಿದಳು. ಕೊನೆಗೆ ಪರೀಕ್ಷೆ ಮಾಡಿಸಿದರೆ ದೊಡ್ಡ ಕರುಳಿನಲ್ಲಿ ಗಡ್ಡೆ. ಆಪರೇಷನ್ ಆಯಿತು, ಗಡ್ಡೆಯ ಜೊತೆ ಒಂದು ಗೇಣು ಕರುಳೂ ಹೋಯಿತು. ಕಣ್ಣಿಗೆ ಕಾಣದ್ದು ಏನಾದರೂ ಉಳಿದಿದ್ದರೆ ಅದಕ್ಕೂ ಒಂದು ಗತಿ ಕಾಣಿಸಬೇಕು ಅಂತ ಕೀಮೋ ಹೇಳಿದರು.

ಕೀಮೋ ಡಾಕ್ಟರು ಹೆಂಗಸು, ನಮಗಿಂತ ಚಿಕ್ಕವರು, ತಾಳ್ಮೆಯವರು. ಒಂದು ಹಾಳೆಯ ಮೇಲೆ ಚೌಕ ಚೌಕವಾಗಿ ಬರೆದು ತೋರಿಸಿದರು. ಮೂರು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್ಪು. ಆವತ್ತಿನಿಂದ ಹದಿನಾಲ್ಕು ದಿನ ಬೆಳಿಗ್ಗೆ ಸಂಜೆ ಮಾತ್ರೆ. ಆಮೇಲೆ ಒಂದು ವಾರ ಏನೂ ಇಲ್ಲ. ಹೀಗೆ ಎಂಟು ಸುತ್ತು. ಆ ಡ್ರಿಪ್ಪಿನಿಂದ ಕೈಕಾಲಿನ ಬೆರಳು ಜೋಮು ಹಿಡಿಯಬಹುದು, ತಣ್ಣನೆಯದು ಮುಟ್ಟಿದರೆ ಸೂಜಿ ಚುಚ್ಚಿದ ಹಾಗಾಗಬಹುದು, ಅಂದರು. "ಏನಾದರೂ ಕೇಳೋದಿದೆಯಾ?"

ಬದುಕಿನ ಬಗ್ಗೆ, ಸಾವಿನ ಬಗ್ಗೆ ಏನಾದರೂ ಕೇಳುತ್ತಾಳೆ ಅಂತ ನಾನು ಕುರ್ಚಿಯ ಕೈ ಹಿಡಿದುಕೊಂಡೆ.

"ಬ್ರೇಕು?" ಅಂದಳು ನನ್ನ ಹೆಂಡತಿ.

"ಅದೇ ಹೇಳಿದೆನಲ್ಲ. ಎರಡು ವಾರ ಮಾತ್ರೆ, ಮೂರನೇ ವಾರ ಬ್ರೇಕು."

"ಆ ಬ್ರೇಕಲ್ಲ ಡಾಕ್ಟರೇ. ಕಾಲಿನ ಬ್ರೇಕು. ನಾನು ಡ್ರೈವಿಂಗ್ ಕಲಿಸೋಳು. ಪಕ್ಕದ ಸೀಟಿನಲ್ಲಿ ನನಗೂ ಒಂದು ಬ್ರೇಕ್ ಇರುತ್ತೆ. ಕಾಲು ಜೋಮು ಹಿಡಿದರೆ ಅದನ್ನ ಒತ್ತೋರು ಯಾರು?"

ಡಾಕ್ಟರು ಹಾಳೆಯ ಮೂಲೆಯಲ್ಲಿ ಇನ್ನೊಂದು ಸಾಲು ಬರೆದರು. ವಾಹನ ಓಡಿಸುವಂತಿಲ್ಲ. ಬ್ರೇಕು ಇರುವ ಸೀಟಿನಲ್ಲಿ ಕೂರುವಂತಿಲ್ಲ.

ಸ್ಕೂಲನ್ನು ಲಾರಿ ಅಣ್ಣನ ಕೈಗೆ ಕೊಟ್ಟಳು. ಲಾರಿ ಅಣ್ಣ ಮೂವತ್ತು ವರ್ಷ ಲಾರಿ ಓಡಿಸಿ, ಈಗ ನಮ್ಮ ಸ್ಕೂಲಿನಲ್ಲಿ ಕಲಿಸುವವರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. "ಹೂಂ" ಅಂದರೆ ಸರಿ, "ಊಹೂಂ" ಅಂದರೆ ಸರಿಯಿಲ್ಲ, ಏನೂ ಅನ್ನದಿದ್ದರೆ ದೇವರೇ ಕಾಪಾಡಬೇಕು.

ಮನೆಯಲ್ಲಿ ನಾವಿಬ್ಬರೇ. ಮಕ್ಕಳಿಲ್ಲ. ಇಷ್ಟು ವರ್ಷ ಅವಳು ಐದಕ್ಕೆ ಎದ್ದು ಆರು ಗಂಟೆಯ ಕ್ಲಾಸಿಗೆ ಹೋಗುತ್ತಿದ್ದಳು, ನಾನು ಏಳೂವರೆಗೆ ಎದ್ದು ಅವಳು ಮುಚ್ಚಿಟ್ಟ ತಿಂಡಿ ತಿಂದು ಅಂಗಡಿಗೆ ಹೋಗುತ್ತಿದ್ದೆ. ಈಗ ಎಲ್ಲ ತಲೆಕೆಳಗು. ಮಾತ್ರೆಯನ್ನು ಊಟವಾದ ಅರ್ಧ ಗಂಟೆಯೊಳಗೆ ನುಂಗಬೇಕು, ಬೆಳಿಗ್ಗೆ ಏಳಕ್ಕೆ ಮತ್ತು ಸಂಜೆ ಏಳಕ್ಕೆ. ಅಂದರೆ ಆರೂವರೆಗೆ ತಟ್ಟೆ ಅವಳ ಮುಂದಿರಬೇಕು. ಅಂದರೆ ನಾನು ಐದೂವರೆಗೆ ಒಲೆಯ ಮುಂದಿರಬೇಕು. ಮೊದಲ ವಾರ ನಾನು ಮಾಡಿದ ಬ್ರೆಡ್ಡು ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬಿಳಿ. ಅವಳು ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ಇಂಡಿಕೇಟರ್ ಯಾವ ಕಡೆ?" ಅಂದಳು.

ರುಚಿಯಂತೂ ಕೆಟ್ಟುಹೋಗಿತ್ತು. "ಬಾಯಲ್ಲಿ ಸದಾ ಬೀಗದ ಕೈ ಇಟ್ಟುಕೊಂಡ ಹಾಗಿದೆ" ಅನ್ನುತ್ತಿದ್ದಳು. ಸ್ಟೀಲಿನ ಚಮಚ ತೆಗೆದು ಮರದ್ದು ತಂದೆ. ಸೋಮವಾರ ಬೇಯಿಸಿದ ಆಲೂಗಡ್ಡೆ ಅಮೃತ. ಅದೇ ಧೈರ್ಯದ ಮೇಲೆ ಮಂಗಳವಾರ ಬೇಯಿಸಿಟ್ಟರೆ, ಈ ಮನೆಯಲ್ಲಿ ಆಲೂಗಡ್ಡೆಯ ಹೆಸರೆತ್ತಬಾರದು ಅನ್ನುವ ಹುಕುಂ. ಬುಧವಾರ ನಾನು ಹೆಸರೆತ್ತಲಿಲ್ಲ. "ಆಲೂಗಡ್ಡೆ ಇಲ್ವಾ?" ಅಂದಳು.

ಫ್ರಿಜ್ಜಿನ ಕಥೆ ಬೇರೆ. ಮೊದಲ ಡ್ರಿಪ್ಪಿನ ಮಾರನೇ ದಿನ ಹಾಲು ತೆಗೆಯಲು ಕೈ ಹಾಕಿದವಳು ಕರೆಂಟು ಹೊಡೆದವಳ ಹಾಗೆ ಹಿಂದೆ ಸರಿದಳು. ಅಲ್ಲಿಂದ ಫ್ರಿಜ್ಜಿನ ಹಿಡಿಕೆಗೆ ಒಂದು ಜೊತೆ ಉಲ್ಲನ್ ಗ್ಲೌಸು ನೇತಾಡತೊಡಗಿತು. ನಲ್ಲಿಯ ನೀರು ಮುಟ್ಟುವಂತಿಲ್ಲ. ಮೂರು ಫ್ಲಾಸ್ಕಿನಲ್ಲಿ ಮೂರು ಬಗೆಯ ಬಿಸಿನೀರು: ಕುಡಿಯಲು, ಕೈ ತೊಳೆಯಲು, ಮತ್ತು ನಾನು ಮರೆತಾಗ ಬೈದುಕೊಂಡು ಉಪಯೋಗಿಸಲು. ಮನೆಯಲ್ಲಿ ಇದ್ದದ್ದು ಒಂದೇ ಟಾಯ್ಲೆಟ್ಟು. ಆ ಮಾತ್ರೆಯಿಂದಾಗಿ ಅವಳ ಹೊಟ್ಟೆಗೆ ಯಾವಾಗ ಬೇಕಾದರೂ ತುರ್ತು ಪರಿಸ್ಥಿತಿ ಘೋಷಿಸುವ ಅಭ್ಯಾಸವಿತ್ತು. ಹಾಗಾಗಿ ನಾನು ಬಾಗಿಲು ತಟ್ಟಿಸಿಕೊಳ್ಳುವ ಮೊದಲೇ ಹೊರಗೆ ಬರುವುದನ್ನು ಅಭ್ಯಾಸ ಮಾಡಿದೆ. ಇಪ್ಪತ್ತು ವರ್ಷದಿಂದ ಅಲ್ಲೇ ಕೂತು ಪೇಪರು ಓದುತ್ತಿದ್ದವನು ನಾನು. ಆ ಆರು ತಿಂಗಳ ಪ್ರಪಂಚದ ಸುದ್ದಿ ನನಗೆ ಈಗಲೂ ಗೊತ್ತಿಲ್ಲ.

ಡ್ರಿಪ್ಪಿನ ಮಾರನೇ ದಿನ ಮಾತ್ರ ಅವಳನ್ನು ಹಿಡಿಯುವವರಿಲ್ಲ. ವಾಂತಿಯಾಗದಿರಲಿ ಅಂತ ಕೊಡುವ ಔಷಧಿಯಲ್ಲಿ ಸ್ಟೀರಾಯ್ಡ್ ಇರುತ್ತದಂತೆ. ಅದರ ಜೋರಿನಲ್ಲಿ ಮಧ್ಯಾಹ್ನದೊಳಗೆ ಮನೆಯ ಕಪಾಟುಗಳನ್ನೆಲ್ಲ ಖಾಲಿ ಮಾಡಿ ಮತ್ತೆ ತುಂಬಿದಳು. ಎರಡನೇ ಸುತ್ತಿನಲ್ಲಿ ಕಪಾಟು ಮುಗಿದಿದ್ದವು, ನನ್ನ ಅಂಗಡಿಗೆ ಬಂದಳು. ಮಾಸ್ಕು ಹಾಕಿಕೊಂಡು, ಗ್ಲೌಸು ಹಾಕಿಕೊಂಡು, ನಾನು ಕಂಪನಿ ಪ್ರಕಾರ ಜೋಡಿಸಿಟ್ಟ ಮುನ್ನೂರು ಫ್ರೇಮುಗಳನ್ನು ಮುಖದ ಆಕಾರದ ಪ್ರಕಾರ ಜೋಡಿಸಿದಳು. ದುಂಡು, ಉದ್ದ, ಚೌಕ, "ಏನು ಹಾಕಿದರೂ ಅಷ್ಟೇ". ಒಬ್ಬ ಗಿರಾಕಿ ಕೊನೆಯ ಸಾಲಿನಿಂದ ಒಂದು ಫ್ರೇಮು ತೆಗೆದುಕೊಂಡು ಕನ್ನಡಿ ನೋಡಿಕೊಂಡ. ಆ ಸಾಲಿಗೆ ಏನು ಹೆಸರು ಅಂತ ಅವನಿಗೆ ತಿಳಿಯದ ಹಾಗೆ ನೋಡಿಕೊಳ್ಳುವಷ್ಟರಲ್ಲಿ ನನಗೆ ಬೆವರು ಬಂತು.

ಇಷ್ಟೆಲ್ಲ ಹೇಗೋ ನಡೆಯುತ್ತಿತ್ತು. ನಡೆಯದೆ ಇದ್ದದ್ದು ಆಸ್ಪತ್ರೆಗೆ ಹೋಗಿಬರುವುದು. ಬಸ್ಸು ಬೇಡ, ಜನಜಂಗುಳಿ ಒಳ್ಳೆಯದಲ್ಲ ಅಂದಿದ್ದರು. ಲಾರಿ ಅಣ್ಣನಿಗೆ ಬೆಳಗಿನಿಂದ ಸಂಜೆಯವರೆಗೆ ಕ್ಲಾಸು. ಉಳಿದದ್ದು ಟ್ಯಾಕ್ಸಿ. ಮೊದಲನೇ ಸಲದ ಟ್ಯಾಕ್ಸಿಯಲ್ಲಿ ಕನ್ನಡಿಗೆ ಸೆಂಟಿನ ಡಬ್ಬಿ ಕಟ್ಟಿದ್ದರು. ವಾಪಸ್ಸು ಬರುವಾಗ ಆ ವಾಸನೆಗೆ ಮೂರು ಕಡೆ ಕಾರು ನಿಲ್ಲಿಸಬೇಕಾಯಿತು. ಎರಡನೇ ಸಲ ಸೆಂಟಿಲ್ಲದ ಟ್ಯಾಕ್ಸಿ ಹುಡುಕಿ ತಂದೆ. ಸೆಂಟು ಇರಲಿಲ್ಲ, ಆದರೆ ಡ್ರೈವರಿಗೆ ಕ್ಲಚ್ಚಿನ ಮೇಲಿಂದ ಕಾಲು ತೆಗೆಯುವ ಅಭ್ಯಾಸವಿರಲಿಲ್ಲ.

"ಅಪ್ಪಾ, ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತಾ ಇದೀಯಲ್ಲ" ಅಂದಳು ಹಿಂದಿನ ಸೀಟಿನಿಂದ.

ಮುಂದಿನ ತಿರುವಿನಲ್ಲಿ "ಇಂಡಿಕೇಟರ್ ತಿರುಗಿದ ಮೇಲಲ್ಲ, ತಿರುಗೋ ಮೊದಲು" ಅಂದಳು. ಸಿಗ್ನಲ್ಲಿನಲ್ಲಿ "ಗೆರೆ ಹಿಂದೆ ನಿಲ್ಲಿಸಬೇಕು, ಗೆರೆ ಮೇಲಲ್ಲ" ಅಂದಳು. ನಾನು ಅವಳ ಕೈ ಅದುಮಿದೆ. ಅವಳು ನನ್ನ ಕೈ ತೆಗೆದಳು. ಅರ್ಧ ದಾರಿಯಲ್ಲಿ ಅವನು ಕಾರು ಬದಿಗೆ ನಿಲ್ಲಿಸಿ ಹಿಂದೆ ತಿರುಗಿದ.

"ಅಮ್ಮಾ, ಒಂದೋ ನೀವು ಇಳೀರಿ, ಇಲ್ಲ ನೀವೇ ಓಡಿಸಿ."

"ಓಡಿಸಬಾರದು ಅಂತ ಡಾಕ್ಟರು ಬರೆದುಕೊಟ್ಟಿದಾರೆ" ಅಂದಳು, ಚೀಟಿ ತೋರಿಸುವವಳ ಹಾಗೆ ಚೀಲಕ್ಕೆ ಕೈ ಹಾಕುತ್ತ.

ಇಳಿದೆವು. ಒಂದು ಪಂಚರ್ ಅಂಗಡಿಯ ಮುಂದಿನ ಹಲಗೆಯ ಮೇಲೆ, ಟೈರುಗಳ ಪಕ್ಕ, ಶಾಲು ಹೊದ್ದುಕೊಂಡು ಅವಳು, ಫ್ಲಾಸ್ಕು ಹಿಡಿದುಕೊಂಡು ನಾನು. ಲಾರಿ ಅಣ್ಣನಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಕಾದೆವು. ಅವಳ ಮುಖ ಬಿಳುಚಿತ್ತು, ಆದರೂ ಹಾದುಹೋಗುವ ಗಾಡಿಗಳ ತಪ್ಪು ಎಣಿಸುತ್ತಿದ್ದಳು. ನನಗೆ ಮೊದಲ ಸಲ ನನ್ನ ಮೇಲೇ ಸಿಟ್ಟು ಬಂತು. ಮನೆ ಮುಂದೆ ಎರಡು ಕಾರು ನಿಂತಿವೆ, ಮನೆಯೊಳಗೆ ಐವತ್ತೆರಡು ವರ್ಷದ ಗಂಡಸು ಒಬ್ಬನಿದ್ದಾನೆ, ಹೆಂಡತಿ ಪಂಚರ್ ಅಂಗಡಿಯಲ್ಲಿ ಕೂತಿದ್ದಾಳೆ.

"ನಾನು ಕಲೀತೀನಿ" ಅಂದೆ.

"ಏನನ್ನ?"

"ಕಾರು."

"ನನಗೆ ಇರೋ ಕಷ್ಟ ಸಾಲದಾ?" ಅಂದಳು.

ಆದರೆ ಅವಳೇ ಅರ್ಜಿ ತುಂಬಿದಳು. ಕಲಿಸುವವರು ಲಾರಿ ಅಣ್ಣ, ಬ್ರೇಕಿನ ಸೀಟು ಅವರದು. ಅವಳು ಹಿಂದಿನ ಸೀಟು. ಷರತ್ತು ಒಂದೇ: ಹಿಂದಿನ ಸೀಟಿನವರು ಮಾತಾಡಬಾರದು. ಆ ಷರತ್ತು ನಮ್ಮ ಗೇಟು ದಾಟುವವರೆಗೆ ಉಳಿಯಿತು.

ಕಲಿಕೆಯೂ ಕೀಮೋ ಹಾಳೆಯ ಚೌಕಗಳ ಪ್ರಕಾರವೇ ನಡೆಯಿತು. ಡ್ರಿಪ್ಪಿನ ಮಾರನೇ ದಿನ, ಸ್ಟೀರಾಯ್ಡಿನ ಜೋರಿನಲ್ಲಿ, ನನಗೆ ನಾಲ್ಕು ಗಂಟೆಯ ಪಾಠ. ಆಮೇಲಿನ ನಾಲ್ಕೈದು ದಿನ ಅವಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಆಗ ನಾನು ಮನೆ ಮುಂದೆ ನಿಂತ ಕಾರಿನಲ್ಲಿ, ಎಂಜಿನ್ ಹಾಕದೆ, ಗೇರು ಬದಲಿಸುವುದನ್ನು ಅಭ್ಯಾಸ ಮಾಡುತ್ತಿದ್ದೆ. ಕಿಟಕಿಯಿಂದ ಕ್ಷೀಣವಾದ ಸ್ವರ ಬರುತ್ತಿತ್ತು: "ಎರಡರಿಂದ ನಾಲ್ಕಕ್ಕೆ ಹೋದಿರಿ." ನಿಂತ ಕಾರಿನ ತಪ್ಪನ್ನು ಮಲಗಿದಲ್ಲಿಂದ ಹೇಗೆ ಕಂಡುಹಿಡಿಯುತ್ತಿದ್ದಳೋ ಗೊತ್ತಿಲ್ಲ. ಬಿಡುವಿನ ವಾರದಲ್ಲಿ ರಸ್ತೆ.

ನನ್ನ ಕಷ್ಟ ಏನೆಂದರೆ ನನ್ನ ಕಸುಬು. ಮಿಲಿಮೀಟರಿನ ಹತ್ತನೇ ಒಂದು ಭಾಗ ತಪ್ಪಿದರೂ ತಲೆನೋವು ಬರುವಂಥ ಕೆಲಸ. ಅದನ್ನೇ ರಸ್ತೆಗೂ ತಂದೆ. ನಾಲ್ಕು ರಸ್ತೆ ಸೇರುವ ಕಡೆ ಒಂದು ಸಲ ಆ ಕಡೆ ನೋಡಿ, ಒಂದು ಸಲ ಈ ಕಡೆ ನೋಡಿ, ಇನ್ನೊಂದು ಸಲ ಖಚಿತ ಮಾಡಿಕೊಳ್ಳುವಷ್ಟರಲ್ಲಿ ಹಿಂದೆ ಹತ್ತು ಗಾಡಿ ಸೇರುತ್ತಿದ್ದವು.

"ರೀ, ಇದೇನು ಕಣ್ಣು ಪರೀಕ್ಷೆನಾ? ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ ಅಂತ? ಹೋಗಿ" ಅನ್ನುತ್ತಿದ್ದಳು.

"ಈ ರಸ್ತೆನೇ ಸರಿಯಿಲ್ಲ."

"ಕುಣಿಯೋಕೆ ಬಾರದವರಿಗೆ ನೆಲ ಡೊಂಕು."

ಲಾರಿ ಅಣ್ಣ "ಹೂಂ" ಅನ್ನುತ್ತಿದ್ದರು. ಯಾರ ಪರ ಅಂತ ನಾನು ಕೇಳುತ್ತಿರಲಿಲ್ಲ.

ಮೂರನೇ ಡ್ರಿಪ್ಪಿಗೆ ಲಾರಿ ಅಣ್ಣ ಕರೆದೊಯ್ದರು. ನಾಲ್ಕನೆಯದಕ್ಕೆ ನಾನೇ ಓಡಿಸಿದೆ, ಅಣ್ಣ ಪಕ್ಕದಲ್ಲಿ, ಅವಳು ಹಿಂದೆ. ಇಪ್ಪತ್ತು ನಿಮಿಷದ ದಾರಿ ಐವತ್ತು ನಿಮಿಷ ಹಿಡಿಯಿತು. ದಾರಿಯುದ್ದಕ್ಕೂ ಅವಳು ಹೇಳಿದ್ದನ್ನೆಲ್ಲ ಬರೆದಿದ್ದರೆ ಒಂದು ಪುಸ್ತಕವಾಗುತ್ತಿತ್ತು.

ಅದಾಗಿ ಹತ್ತು ದಿನಕ್ಕೆ ರಕ್ತ ಪರೀಕ್ಷೆಗೆ ಹೋಗಬೇಕಿತ್ತು. ಬೆಳಿಗ್ಗೆ ಎದ್ದಾಗ ಥರ್ಮಾಮೀಟರ್ ಇಟ್ಟು ನೋಡಿದ್ದೆ, ಜ್ವರ ಇರಲಿಲ್ಲ. ಹೊರಟೆವು. ಮೊದಲ ತಿರುವಿನಲ್ಲೇ ಚಕ್ರ ಫುಟ್‌ಪಾತಿಗೆ ತಾಗಿತು. ನಾನು ಹೆಗಲು ಕುಗ್ಗಿಸಿ ಕಾದೆ. ಹಿಂದಿನಿಂದ ಏನೂ ಬರಲಿಲ್ಲ. ಸಿಗ್ನಲ್ಲಿನಲ್ಲಿ ಎಂಜಿನ್ ಆಫ್ ಆಯಿತು, ಹಸಿರು ಬಂದು ಹೋಯಿತು, ಹಿಂದಿನವರು ಹಾರನ್ನು ಹಾಕಿದರು. ಆಗಲೂ ಏನಿಲ್ಲ.

"ಏನಾದರೂ ಹೇಳು" ಅಂದೆ.

"ಹೇಳೋದೇನಿದೆ" ಅಂದಳು ಮೆತ್ತಗೆ. "ಚೆನ್ನಾಗೇ ಓಡಿಸ್ತಾ ಇದೀರ."

ನಾನೂ ಲಾರಿ ಅಣ್ಣನೂ ಮುಖ ಮುಖ ನೋಡಿಕೊಂಡೆವು. ಅಣ್ಣ ಆವತ್ತು ಮೊದಲ ಸಲ ಪೂರ್ತಿ ವಾಕ್ಯ ಮಾತಾಡಿದರು: "ಸಾರ್, ಈ ಕಡೆ ಬನ್ನಿ, ನಾನು ಓಡಿಸ್ತೀನಿ." ಸೀಟು ಬದಲಾಯಿಸಿದೆವು. ಲಾರಿ ಅಣ್ಣ ಅಷ್ಟು ಜೋರಾಗಿ ಓಡಿಸಿದ್ದನ್ನು ನಾನು ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಕೀಮೋ ವಾರ್ಡಿನ ಸಿಸ್ಟರು ಹಿರಿಯ ಹೆಂಗಸು, ಏನು ಕೇಳಿದರೂ ಗಾಬರಿಯಾಗದವರು. "ಏನಾಯ್ತು ಹೇಳಿ. ವಾಂತಿನಾ? ಭೇದಿನಾ?"

"ಅದ್ಯಾವುದೂ ಅಲ್ಲ ಸಿಸ್ಟರ್. ನನ್ನ ಡ್ರೈವಿಂಗ್ ಚೆನ್ನಾಗಿದೆ ಅಂದಳು."

ಸಿಸ್ಟರು ನನ್ನ ಮುಖ ನೋಡಿದರು. ನನ್ನನ್ನೂ ಅಡ್ಮಿಟ್ ಮಾಡಿಕೊಳ್ಳಬೇಕೇನೋ ಅನ್ನುವ ನೋಟ ಅದು. ಆದರೂ ಥರ್ಮಾಮೀಟರ್ ಇಟ್ಟರು. ನೂರಾ ಒಂದೂವರೆ. ರಕ್ತದಲ್ಲಿ ಬಿಳಿಕಣ ನೆಲ ಕಚ್ಚಿತ್ತು. ಮೂರು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ರಕ್ತನಾಳಕ್ಕೆ ಔಷಧಿ ಕೊಟ್ಟರು. ಇನ್ನು ಅರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು.

ಆ ಮೂರು ದಿನ ನಾನು ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಎಷ್ಟು ಹೆದರಿದ್ದೆ ಅನ್ನುವುದನ್ನು ಇಲ್ಲಿ ವಿವರಿಸುವುದಿಲ್ಲ. ಮೂರನೇ ದಿನ ಬೆಳಿಗ್ಗೆ ಕಣ್ಣು ಬಿಟ್ಟು, "ಕಾರನ್ನ ಎಲ್ಲಿ ನಿಲ್ಲಿಸಿದೀರ? ಆಂಬುಲೆನ್ಸಿಗೆ ಅಡ್ಡ ನಿಲ್ಲಿಸಿಲ್ಲ ತಾನೆ?" ಅಂದಳು. ನಾನು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಐದನೇ ಸುತ್ತಿಗೆ ಮುಂಚೆ ಮೊದಲ ಟೆಸ್ಟು. ಟೆಸ್ಟಿನ ಇನ್‌ಸ್ಪೆಕ್ಟರಿಗೂ ನನ್ನ ಹೆಂಡತಿಗೂ ಹಳೆಯ ಯುದ್ಧ. ಅವಳ ಶಿಷ್ಯರನ್ನು ಅವರು ಮೊಸರಿನಲ್ಲಿ ಕಲ್ಲು ಹುಡುಕಿದ ಹಾಗೆ ತಪ್ಪು ಹುಡುಕಿ ಹುಡುಕಿ ಫೇಲು ಮಾಡುತ್ತಿದ್ದರು. ಅವಳು ಅವರ ಆಫೀಸಿಗೆ ಹೋಗಿ ಜಗಳವಾಡಿ, ಮನೆಗೆ ಬಂದು "ಇಡೀ ಇಲಾಖೆಲಿ ಅವರೊಬ್ಬರಿಗೇ ಕೆಲಸ ಗೊತ್ತಿರೋದು" ಅನ್ನುತ್ತಿದ್ದಳು. ಆವತ್ತು ಮೈದಾನದ ಬೆಂಚಿನ ಮೇಲೆ, ಬಿಸಿಲಿನಲ್ಲಿ, ಉಲ್ಲನ್ ಟೋಪಿ ಗ್ಲೌಸು ಹಾಕಿಕೊಂಡು ಕೂತಿದ್ದವಳು ಯಾರು ಅಂತ ಇನ್‌ಸ್ಪೆಕ್ಟರಿಗೆ ಗುರುತು ಹತ್ತಲಿಲ್ಲ. ನಾನು ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಕಾರು ಹಿಂದಕ್ಕೆ ಉರುಳಿತು. ಫೇಲು.

ಎರಡನೇ ಟೆಸ್ಟು ಆರನೇ ಸುತ್ತಿಗೆ ಮುಂಚೆ. ಏರು ಹತ್ತಿದೆ, ಎಂಟು ಹಾಕಿದೆ, ರಿವರ್ಸು ಹೋದೆ. ಎಲ್ಲ ಮುಗಿಸಿ ಇಳಿದರೆ ಇನ್‌ಸ್ಪೆಕ್ಟರು ಅಡ್ಡಡ್ಡ ತಲೆಯಾಡಿಸಿದರು. "ರಿವರ್ಸು ಹೋಗುವಾಗ ಒಂದು ಸಲಾನೂ ಕನ್ನಡಿ ನೋಡಲಿಲ್ಲ. ಕನ್ನಡಕ ಮಾರೋರು ನೀವು, ಕನ್ನಡಿ ನೋಡಬೇಡವಾ?"

ನನಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಅನ್ನಿಸಿತು. ನಾಚಿಕೆ ಬಿಟ್ಟು ಹೇಳಿಬಿಟ್ಟೆ: "ಸಾರ್, ನನ್ನ ಹೆಂಡತಿಗೆ ಕೀಮೋ ನಡೀತಾ ಇದೆ. ಆಸ್ಪತ್ರೆಗೆ ಕರಕೊಂಡು ಹೋಗೋಕೆ ನಾನೇ ಗತಿ." ಬೆಂಚಿನ ಕಡೆ ತೋರಿಸಿದೆ. ಅವರು ನೋಡಿದರು. ಮತ್ತೆ ನೋಡಿದರು. ಈ ಸಲ ಗುರುತು ಹತ್ತಿತು. ಅವರ ಮುಖ ಇಳಿದುಹೋಯಿತು.

"ಮೇಡಮ್ಮಾ? ನಮ್ಮ ಡ್ರೈವಿಂಗ್ ಸ್ಕೂಲ್ ಮೇಡಮ್ಮಾ?" ಅಂದವರೇ ಪೆನ್ನು ತೆಗೆದು, "ಹೋಗಲಿ ಬಿಡಿ, ಉಳಿದದ್ದೆಲ್ಲ ಚೆನ್ನಾಗೇ ಮಾಡಿದೀರಲ್ಲ" ಅನ್ನುತ್ತ ಹಾಳೆಯ ಮೇಲೆ ಬಾಗಿದರು.

ಅಷ್ಟರಲ್ಲಿ ಅವಳು ಎದ್ದು ಬಂದಳು. ನಿಧಾನವಾಗಿ ಬಂದಳು, ಆದರೆ ಬಂದಳು.

"ಕನ್ನಡಿ ನೋಡಿದರಾ ಇವರು?" ಅಂತ ಕೇಳಿದಳು.

"ಇಲ್ಲ ಮೇಡಂ. ಆದರೆ ನಿಮ್ಮ ಪರಿಸ್ಥಿತಿ..."

"ಲೈಸೆನ್ಸು ನನ್ನ ರೋಗಕ್ಕೆ ಕೊಡ್ತೀರಾ, ಇವರ ಡ್ರೈವಿಂಗಿಗೆ ಕೊಡ್ತೀರಾ?"

ಇನ್‌ಸ್ಪೆಕ್ಟರು ಪೆನ್ನಿನ ಕ್ಯಾಪು ಮುಚ್ಚಿದರು.

"ಇವರು ಕನ್ನಡಿ ನೋಡದೆ ರಿವರ್ಸು ಬಂದರೆ ಹಿಂದೆ ನಿಂತಿರೋರಿಗೆ ನನಗೆ ಕೀಮೋ ಆಗ್ತಿದೆ ಅಂತ ಗೊತ್ತಿರುತ್ತಾ? ಫೇಲು ಮಾಡಿ."

"ಮಾಡಿದೀನಿ ಮೇಡಂ" ಅಂದರು ಅವರು, ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ.

ವಾಪಸ್ಸು ಬರುವಾಗ ನಾನು ಮಾತು ಬಿಟ್ಟಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಮನೆ ತಲುಪಿದ ಮೇಲೆ ಅವಳೇ ಹೇಳಿದಳು, ಫ್ಲಾಸ್ಕಿನ ಬಿಸಿನೀರು ಲೋಟಕ್ಕೆ ಬಗ್ಗಿಸಿಕೊಳ್ಳುತ್ತ. "ಎಲ್ಲರೂ ನನಗೆ ರಿಯಾಯಿತಿ ಕೊಡ್ತಾ ಇದಾರೆ. ತಂಗಿ ಫೋನ್ ಮಾಡಿದರೆ ಜಗಳಾನೇ ಆಡಲ್ಲ. ಪಕ್ಕದ ಮನೆಯವರು ನನ್ನ ಗೇಟಿನ ಮುಂದೆ ಗಾಡಿ ನಿಲ್ಲಿಸೋದು ಬಿಟ್ಟಿದಾರೆ. ಈಗ ಆ ಇನ್‌ಸ್ಪೆಕ್ಟರೂ ಶುರು ಮಾಡಿದರೆ ನಾನು ಹೋಗೇಬಿಟ್ಟೆ ಅಂತ ಅರ್ಥ. ಅವರೊಬ್ಬರಾದರೂ ಮೊದಲಿನ ಹಾಗೆ ಇರಲಿ."

ಆವತ್ತಿನಿಂದ ಮನೆಯಲ್ಲಿ, ಅಂಗಡಿಯಲ್ಲಿ ಓಡಾಡುವಾಗಲೂ ತಲೆ ಆಚೀಚೆ ತಿರುಗಿಸಿ ಕನ್ನಡಿ ನೋಡುವ ಅಭ್ಯಾಸ ಮಾಡಿದೆ. ಗಿರಾಕಿಗಳು ಕತ್ತು ಉಳುಕಿದೆಯಾ ಅಂತ ಕೇಳತೊಡಗಿದರು.

ಮೂರನೇ ಟೆಸ್ಟು ಏಳನೇ ಸುತ್ತಿಗೆ ಎರಡು ದಿನ ಮುಂಚೆ. ಇನ್‌ಸ್ಪೆಕ್ಟರು ನನಗಿಂತ ಹೆಚ್ಚು ಬೆವರಿದ್ದರು. ಎಲ್ಲಾ ಮುಗಿದ ಮೇಲೆ ಅವರು ಮೊದಲು ನನ್ನ ಕಡೆ ನೋಡಲಿಲ್ಲ, ಬೆಂಚಿನ ಕಡೆ ನೋಡಿದರು. ಅವಳು ಒಂದು ಕ್ಷಣ ಯೋಚಿಸಿ ತಲೆಯಾಡಿಸಿದಳು. ಪಾಸಾದೆ.

ಏಳನೇ ಡ್ರಿಪ್ಪಿನ ದಿನ ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡೆ. ಲಾರಿ ಅಣ್ಣ ಇಲ್ಲ, ಹಿಂದಿನ ಸೀಟಿಲ್ಲ. ನಮ್ಮ ಸ್ವಂತದ ಇನ್ನೊಂದು ಕಾರು, ಪಕ್ಕದ ಸೀಟಿಗೆ ಬ್ರೇಕಿಲ್ಲದ್ದು. ಅವಳು ಪಕ್ಕದಲ್ಲಿ ಕೂತಳು. ಇಲ್ಲದ ಬ್ರೇಕನ್ನು ದಾರಿಯುದ್ದಕ್ಕೂ ಒತ್ತುತ್ತಲೇ ಇದ್ದಳು, ಅದು ಬೇರೆ. ಆಸ್ಪತ್ರೆಯಲ್ಲಿ ಎರಡು ಗೆರೆಯ ಮಧ್ಯೆ, ಅಳತೆ ಪಟ್ಟಿ ಇಟ್ಟ ಹಾಗೆ ಕಾರು ನಿಲ್ಲಿಸಿದೆ. ಈ ಕಡೆ ಎಷ್ಟು ಜಾಗವೋ ಆ ಕಡೆಯೂ ಅಷ್ಟೇ. ಹೆಜ್ಜೆ ಹಾಕಿ ಅಳೆದೂ ನೋಡಿದೆ. ಆ ಖುಷಿಯಲ್ಲಿ ಅವಳ ಕಾಲಿನ ಕಡೆ ನಾನು ನೋಡಲಿಲ್ಲ.

ನೋಡಿದವರು ಡಾಕ್ಟರು. "ಇನ್ನೊಂದು ಚಪ್ಪಲಿ ಎಲ್ಲಿ?"

ಅವಳು ಕೆಳಗೆ ನೋಡಿಕೊಂಡಳು. ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು. ಕಾರಿನಿಂದ ವಾರ್ಡಿನವರೆಗೆ, ಜಲ್ಲಿಯ ಮೇಲೆ, ಮೆಟ್ಟಿಲ ಮೇಲೆ ಹಾಗೇ ನಡೆದು ಬಂದಿದ್ದಳು.

ಡಾಕ್ಟರು ಅವಳನ್ನು ಮಂಚದ ಮೇಲೆ ಕೂರಿಸಿ ಕಣ್ಣು ಮುಚ್ಚಲು ಹೇಳಿ, ಕಾಲಿನ ಬೆರಳು ಒಂದೊಂದಾಗಿ ಮುಟ್ಟಿದರು. "ಈಗ ಯಾವ ಬೆರಳು ಮುಟ್ಟಿದೆ?"

"ಹೆಬ್ಬೆರಳು."

ಮುಟ್ಟಿದ್ದು ಕಿರುಬೆರಳು.

"ಈಗ?"

"ನಡುವಿನದು" ಅಂದಳು ಆತ್ಮವಿಶ್ವಾಸದಿಂದ. ಡಾಕ್ಟರು ಆಗ ಯಾವುದನ್ನೂ ಮುಟ್ಟಿರಲಿಲ್ಲ.

ಜೋಮು ಎರಡು ತಿಂಗಳಿಂದ ಇತ್ತಂತೆ. ಹೇಳಿದರೆ ಇನ್ನು ಕಲಿಸಲು ಬಿಡುವುದೇ ಇಲ್ಲವೇನೋ ಅಂತ ಹೇಳಿರಲಿಲ್ಲ. ಊರಿನವರಿಗೆಲ್ಲ ನಿಯಮ ಹೇಳಿಕೊಡುವವಳು ಇವಳೇ.

"ಇನ್ನು ಡ್ರಿಪ್ಪು ಬೇಡ" ಅಂದರು ಡಾಕ್ಟರು. "ಆರು ಆಗಿದೆ, ಅಷ್ಟು ಸಾಕು. ಮುಂದುವರಿಸಿದರೆ ಕಾಲಿನ ಸ್ಪರ್ಶ ಪೂರ್ತಿ ಹೋಗಬಹುದು. ಉಳಿದ ಎರಡು ಸುತ್ತು ಮಾತ್ರೆ ಮಾತ್ರ. ಮನೆಯಲ್ಲೇ ತಗೊಳ್ಳಿ. ರಕ್ತ ಪರೀಕ್ಷೆಯನ್ನೂ ನಿಮ್ಮ ಬೀದಿಯ ಲ್ಯಾಬಿನಲ್ಲೇ ಮಾಡಿಸಬಹುದು."

"ಅಂದರೆ ಇಲ್ಲಿಗೆ ಬರೋದು?" ಅಂತ ಕೇಳಿದೆ.

"ಬೇಕಿಲ್ಲ. ಎಲ್ಲ ಮುಗಿದ ಮೇಲೆ ಸ್ಕ್ಯಾನಿಗೆ ಒಂದು ಸಲ ಬನ್ನಿ."

ಹೆಂಡತಿಯ ಚಿಕಿತ್ಸೆ ಹಗುರವಾಯಿತು ಅಂತ ಕೇಳಿದರೆ ಯಾವ ಗಂಡನಾದರೂ ಖುಷಿಪಡಬೇಕು. ನನ್ನ ಮುಖ ಜೋತುಬಿತ್ತು. ಮೂರು ಟೆಸ್ಟು, ನಾಲ್ಕು ತಿಂಗಳು, ಸವೆದುಹೋದ ಒಂದು ಕ್ಲಚ್ಚು, ಕಿಸೆಯಲ್ಲಿ ಎರಡು ದಿನದ ಹಿಂದಿನ ಲೈಸೆನ್ಸು. ಆ ಕ್ಷಣದಲ್ಲಿ ನನಗೆ ನಿಜವಾಗಿಯೂ ಬೇಜಾರಾಯಿತು, ಆಮೇಲೆ ಬೇಜಾರಾಯಿತಲ್ಲ ಅಂತ ನಾಚಿಕೆಯಾಯಿತು.

ಡಾಕ್ಟರು ಅದನ್ನು ಭಯ ಅಂದುಕೊಂಡರು. ತಮ್ಮ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಐದು ನಿಮಿಷ ಸಮಾಧಾನ ಹೇಳಿದರು. ಡ್ರಿಪ್ಪು ನಿಲ್ಲಿಸಿದ್ದರಿಂದ ಅಪಾಯವಿಲ್ಲ, ಎಷ್ಟೋ ಜನಕ್ಕೆ ಹೀಗೇ ನಿಲ್ಲಿಸುತ್ತೇವೆ, ನೀವು ಧೈರ್ಯವಾಗಿರಬೇಕು, ಇತ್ಯಾದಿ. ನಾನು ಹೂಂ ಹೂಂ ಅನ್ನುತ್ತಿದ್ದೆ. ಮಂಚದ ಮೇಲೆ ಕೂತಿದ್ದ ಅವಳಿಗೆ ಮಾತ್ರ ಅರ್ಥವಾಗಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಹೆಗಲು ಕುಲುಕತೊಡಗಿತು. ಡಾಕ್ಟರು ಅಳುತ್ತಿದ್ದಾಳೆ ಅಂದುಕೊಂಡು ಅವಳ ಕಡೆ ತಿರುಗಿ ಅವಳಿಗೂ ಸಮಾಧಾನ ಹೇಳಿದರು. ಅದರಿಂದ ಇನ್ನೂ ಕೆಟ್ಟಿತು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

ಹೊರಗೆ ಬಂದಾಗ ಇನ್ನೂ ಹತ್ತೂವರೆ. ಇಡೀ ದಿನ ಡ್ರಿಪ್ಪಿಗೆ ಅಂತ ಎತ್ತಿಟ್ಟಿದ್ದೆವು. ಅಂಗಡಿಗೆ ಬೀಗ ಹಾಕಿ ಬಂದಿದ್ದೆ. ಕಾರಿನ ಬಾಗಿಲು ತೆಗೆದರೆ ಚಪ್ಪಲಿ ಅಲ್ಲೇ ಬಿದ್ದಿತ್ತು. ನಾನು ಬಗ್ಗಿ ಅವಳ ಕಾಲಿಗೆ ಹಾಕಿದೆ.

"ಮನೆಗಾ?" ಅಂದೆ.

"ಮನೆಗೆ ಯಾಕೆ? ಗಾಡಿ ಇದೆ, ಪೆಟ್ರೋಲ್ ಇದೆ, ಮುಖ ಸಪ್ಪಗೆ ಮಾಡಿಕೊಂಡ ಡ್ರೈವರ್ ಇದಾನೆ. ನೇರ ನಡೀರಿ."

ಎಲ್ಲಿಗೆ ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಊರು ದಾಟಿ ದೊಡ್ಡ ರಸ್ತೆಗೆ ಬಂದೆವು. ಮುಂದೆ ಒಂದು ಸಿಮೆಂಟು ಲಾರಿ ಆಮೆಯ ಹಾಗೆ ಹೋಗುತ್ತಿತ್ತು. ನಾನು ಅದರ ಹಿಂದೆಯೇ ಹದಿನೈದು ನಿಮಿಷ ಹೋದೆ. ಅವಳು ತಡೆದುಕೊಂಡಳು. ಕೊನೆಗೆ ನಾನೇ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಉಸಿರು ಬಿಗಿಹಿಡಿದು ಅದನ್ನು ದಾಟಿದೆ. ದಾಟಿದ ಮೇಲೆ ಹೆಮ್ಮೆಯಿಂದ ಪಕ್ಕಕ್ಕೆ ನೋಡಿದರೆ, ಅವಳು ಕಿಟಕಿಗೆ ಟೋಪಿ ಒರಗಿಸಿ ನಿದ್ದೆ ಹೋಗಿದ್ದಳು.

ಎಬ್ಬಿಸಲು ಮನಸ್ಸಾಗಲಿಲ್ಲ. ದಾರಿ ಗೊತ್ತಿರಲಿಲ್ಲ. ಹಾಗೇ ಹೋದೆ. ಒಂದು ಕಡೆ ರಸ್ತೆ ಎರಡಾಯಿತು, ಗಾಡಿ ಕಡಿಮೆ ಇದ್ದ ಕಡೆ ತಿರುಗಿಸಿದೆ. ಅದು ಅರ್ಧ ಗಂಟೆಯಾದ ಮೇಲೆ ಒಂದು ಇಟ್ಟಿಗೆ ಕಾರ್ಖಾನೆಯ ಗೇಟಿಗೆ ಹೋಗಿ ಮುಗಿಯಿತು. ಕಾರು ನಿಂತದ್ದಕ್ಕೆ ಅವಳಿಗೆ ಎಚ್ಚರವಾಯಿತು.

"ಎಲ್ಲಿದೀವಿ?"

"ಗೊತ್ತಿಲ್ಲ."

ಅವಳು ಕಣ್ಣುಜ್ಜಿಕೊಂಡು ಗೇಟು ನೋಡಿದಳು, ಎರಡೂ ಕಡೆಯ ಇಟ್ಟಿಗೆ ರಾಶಿ ನೋಡಿದಳು, ನನ್ನನ್ನು ನೋಡಿದಳು. "ಹಸಿವಾಗ್ತಿದೆ" ಅಂದಳು. ಕೀಮೋ ಶುರುವಾದ ಮೇಲೆ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಚೀಲದಲ್ಲಿ ನಾನೇ ಸುಟ್ಟ ಬ್ರೆಡ್ಡು ಇತ್ತು. ಇಬ್ಬರೂ ಅಲ್ಲೇ ಕೂತು ತಿಂದೆವು. ಆಮೇಲೆ ಕಾಲು ಕಿಲೋಮೀಟರು ರಿವರ್ಸು ಬರಬೇಕಾಯಿತು. ಅದರ ಬಗ್ಗೆ ಅವಳಿಗೆ ಹೇಳಲು ಬಹಳ ಇತ್ತು.

ಉಳಿದ ಮಾತ್ರೆಗಳು ಮುಗಿದವು. ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂತ ಬಂತು. ಆರು ತಿಂಗಳಿಗೊಮ್ಮೆ ನೋಡುತ್ತಿರೋಣ ಅಂದಿದ್ದಾರೆ. ಕಾಲಿನ ಬೆರಳುಗಳು ಒಂದೊಂದಾಗಿ ವಾಪಸ್ಸು ಬರುತ್ತಿವೆ. ಹೆಬ್ಬೆರಳು ಬಂದ ದಿನ ಅವಳು ನನ್ನನ್ನು ಅಂಗಡಿಯಿಂದ ಕರೆಸಿ ಚುಚ್ಚಿಸಿ ನೋಡಿಕೊಂಡಳು. ಬ್ರೇಕಿನ ಸೀಟಿಗೆ ಡಾಕ್ಟರು ಇನ್ನೂ ಒಪ್ಪಿಲ್ಲ. ಅಲ್ಲಿಯವರೆಗೆ ಸ್ಕೂಲಿನ ಕೋಣೆಯಲ್ಲಿ ಬೋರ್ಡಿನ ಮುಂದೆ ನಿಂತು ನಿಯಮದ ಪಾಠ ಮಾಡುತ್ತಾಳೆ. ಶಿಷ್ಯರು ರಸ್ತೆಗಿಂತ ಆ ಕೋಣೆಗೇ ಹೆಚ್ಚು ಹೆದರುತ್ತಾರೆ ಅಂತ ಲಾರಿ ಅಣ್ಣ "ಹೂಂ" ಮೂಲಕ ತಿಳಿಸಿದರು.

ಐದೂವರೆಗೆ ಏಳುವುದು ನನಗೆ ಅಂಟಿಕೊಂಡುಬಿಟ್ಟಿದೆ. ಬೆಳಿಗ್ಗೆ ಅವಳನ್ನು ಸ್ಕೂಲಿಗೆ ಬಿಟ್ಟು, ಅದೇ ಕಾರಿನಲ್ಲಿ ಅಂಗಡಿಗೆ ಹೋಗುತ್ತೇನೆ. ಮನೆಯಿಂದ ನಡೆದರೆ ಹನ್ನೊಂದು ನಿಮಿಷದ ದಾರಿ. ಕಾರಿನಲ್ಲಿ, ನಿಲ್ಲಿಸಲು ಜಾಗ ಹುಡುಕುವುದೂ ಸೇರಿ, ಮೂವತ್ತೈದು.